ಮೂಲೆಮನೆಯ ಬಾವುಟ

"ನನ್ನ ಝಂಡಾ ಎಲ್ಲಿ?"

ತಾರಾದೇವಿ ಕೂಗಿದ ಕೂಗಿಗೆ ಕಾಶಿಯ ಬಂಗಾಲಿ ಟೋಲಾದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಲಡ್ಡು ಹಂಚುತ್ತಿದ್ದವನ ಕೈ ನಿಂತಿತು. ಗಲ್ಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ ತಲೆ ಎತ್ತಿದರು.

ಮೂಲೆಮನೆಯ ಬಾಲ್ಕನಿಯಿಂದ ಗಲ್ಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಚಾಚಿಕೊಂಡಿದೆ. ಹಿಂದಿನ ಸಂಜೆ ತಾರಾದೇವಿ ಅದಕ್ಕೆ ಹೊಸ ತ್ರಿವರ್ಣ ಧ್ವಜ ಏರಿಸಿದ್ದರು. ಈಗ ಅದು ಇರಲಿಲ್ಲ. ಆ ಜಾಗದಲ್ಲಿ ಕೆಂಪು-ಹಸಿರು ಬಾವುಟ. ಮೂರು ತಿಂಗಳ ಹಿಂದೆ ಸೋತ ಸರ್ಕಾರದ್ದು. ಅದೂ ಸ್ವಾತಂತ್ರ್ಯ ದಿನದ ಬೆಳಿಗ್ಗೆ!

ಜನ ಅದನ್ನು ಆಗಲೇ ನೋಡಿದ್ದರು; ಕುರ್ಚಿ ಹಾಕಿಸುವ ಗಡಿಬಿಡಿಯಲ್ಲಿ ತಾರಾದೇವಿಯೇ ತಲೆ ಎತ್ತಿರಲಿಲ್ಲ. ಯಾರೂ ಬಾಯಿಬಿಟ್ಟಿರಲಿಲ್ಲ. ತಾರಾದೇವಿ ಬಾವುಟ ಬದಲಿಸಿದರೆ ಆಶ್ಚರ್ಯಪಡುವ ಅಭ್ಯಾಸ ಆ ಗಲ್ಲಿಗೆ ಎಂದೋ ತಪ್ಪಿಹೋಗಿತ್ತು.

ಅದು ೨೦೦೭ನೇ ಇಸವಿ. ಮಾರ್ಚಿನಲ್ಲಿ ವಿಶ್ವಕಪ್ ಎಂದು ಮನೆಮನೆಗೂ ತ್ರಿವರ್ಣ ಹಾರಿತ್ತು. ನಮ್ಮವರು ಮೊದಲ ಸುತ್ತಿನಲ್ಲೇ ಸೋತರು. ತ್ರಿವರ್ಣ ಟ್ರಂಕು ಸೇರಿತು. ಮೇ ತಿಂಗಳಲ್ಲಿ ವಿಧಾನಸಭೆಯ ಫಲಿತಾಂಶ ಬಂತು. ಅಲ್ಲಿಯವರೆಗೆ ಕೆಂಪು-ಹಸಿರಾಗಿದ್ದ ಗಲ್ಲಿ ಎರಡು ದಿನದಲ್ಲಿ ಗೆದ್ದ ಪಕ್ಷದ ನೀಲಿಯಾಯಿತು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ತಾರಾದೇವಿ ಗಾಳಿ ಬರುವ ಮುಂಚೆಯೇ ಮೊರ ಹಿಡಿದು ನಿಲ್ಲುವವರು. ಮೊದಲ ನೀಲಿ ಬಾವುಟ ಅವರದೇ. ಅವರಿಗೆ ಕಾರ್ಪೊರೇಷನ್ ಚುನಾವಣೆಯ ಟಿಕೆಟ್ ಬೇಕಿತ್ತು. ಈ ದಿನ ಸಂಜೆ ಹೊಸ ಸರ್ಕಾರದ ನೇತಾಜಿಯೊಬ್ಬರು ಅವರ ಮನೆಗೆ ಚಹಾಕ್ಕೆ ಬರುವವರಿದ್ದರು.

"ಇದು ಆ ಪಂಡಿತನ ಕೆಲಸ!" ತಾರಾದೇವಿ ಹೇಳಿದರು. "ನನ್ನ ಮನೆಯಲ್ಲಿ ಬಾಡಿಗೆಗಿರೋ ಕಿರಾಯೇದಾರ ವಾಸುದೇವಾಚಾರ್ಯ. ಹೋದ ತಿಂಗಳು ಆ ಸೋತ ಪಾರ್ಟಿಯ ಲೀಡರ್ ತಾಯಿಯ ಶ್ರಾದ್ಧ ಮಾಡಿಸಿ ಶಾಲು ಹೊದ್ದುಕೊಂಡು ಬಂದ. ನನ್ನ ಮಾನ ಕಳೆಯೋಕೆ ಅವರೇ ಹೇಳಿರಬೇಕು. ಸಂಜೆಯೊಳಗೆ ಮನೆ ಖಾಲಿ ಮಾಡಲಿ. ಈಗಲೇ ಪೊಲೀಸ್ ಕರೆಸ್ತೀನಿ."

"ಒಂದು ನಿಮಿಷ, ತಾರಾಜಿ."

ಮಾತಾಡಿದ್ದು ಆ ದಿನದ ಧ್ವಜವಂದನೆಯ ಮುಖ್ಯ ಅತಿಥಿ, ಡಾಕ್ಟರ್ ವಸುಮತಿ. ಮೈಸೂರಿನವರು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯೆ. ಅಲ್ಲೇ ಹತ್ತಿರದ ಲಂಕಾ ಬಡಾವಣೆಯಲ್ಲಿ ಮನೆ. ವಾರ್ಡಿನಲ್ಲಿ ಕಳೆದುಹೋದ ಕನ್ನಡಕ, ಕಾಣೆಯಾದ ಟಿಫಿನ್ ಡಬ್ಬಿ ಎಲ್ಲವನ್ನೂ ಪತ್ತೆಮಾಡಿ ನರ್ಸುಗಳ ಬಾಯಲ್ಲಿ ಸಿಐಡಿ ಎನಿಸಿಕೊಂಡವರು. ಈ ದಿನ ಅವರು ನೀಲಿ ಸೀರೆ ಉಟ್ಟದ್ದು ಕಾಕತಾಳೀಯ. ತಾರಾದೇವಿ ಮಾತ್ರ ಅದನ್ನು ಬೇರೆಯೇ ರೀತಿ ಅರ್ಥಮಾಡಿಕೊಂಡು ಬಲು ಮೆಚ್ಚಿಕೊಂಡಿದ್ದರು.

"ಪೊಲೀಸರು ಬಂದರೆ, ಧ್ವಜ ಯಾವಾಗ ಏರಿಸಿದಿರಿ ಅಂತ ಮೊದಲು ಕೇಳ್ತಾರೆ."

"ನಿನ್ನೆ ಸಂಜೆ. ಯಾಕೆ?"

"ರಾತ್ರಿಯಿಡೀ ಹೊರಗೆ ಬಿಟ್ಟಿರಾ? ಸೂರ್ಯ ಹುಟ್ಟಿದ ಮೇಲೆ ಏರಿಸಬೇಕು, ಮುಳುಗುವ ಮುಂಚೆ ಇಳಿಸಬೇಕು. ನಿಯಮ ಇದೆ."

ತಾರಾದೇವಿಯ ಮುಖ ಸಣ್ಣಗಾಯಿತು.

"ಸಂಜೆಯವರೆಗೆ ನನಗೆ ಬಿಡಿ," ಎಂದರು ವಸುಮತಿ. "ಕದ್ದವರನ್ನು ನಾನು ಹುಡುಕಿಕೊಡ್ತೀನಿ."

ಅವರಿಗೆ ವಾಸುದೇವಾಚಾರ್ಯರ ಮನೆಯ ಬಳಕೆ ಇತ್ತು. ಕಾಶಿಯಲ್ಲಿ ಕನ್ನಡದಲ್ಲಿ ಜಗಳವಾಡಲೂ ಮನೆ ಹುಡುಕಬೇಕು; ಅಂಥದ್ದರಲ್ಲಿ ಹಬ್ಬಕ್ಕೆ ಕರೆದು ಊಟಕ್ಕೆ ಹಾಕುವ ಮನೆ ಅದು. ಆ ಮನೆ ಹೋದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಆಚಾರ್ಯರ ತಾಯಿ ವೇದಾಬಾಯಿ ಗಂಡ ತೀರಿಕೊಂಡಂದಿನಿಂದ ಕೇದಾರ ಘಾಟಿನಲ್ಲಿ ದಿನಾ ಗಂಗೆಯಲ್ಲಿ ಮುಳುಗುವ ವ್ರತ ಹಿಡಿದವರು. ಉಸಿರಿರುವವರೆಗೂ ಒಂದು ದಿನ ತಪ್ಪುವುದಿಲ್ಲ ಎಂದು ಸಂಕಲ್ಪ. ಘಾಟಿನ ಇಷ್ಟು ಹತ್ತಿರ, ಇಷ್ಟು ಕಡಿಮೆ ಬಾಡಿಗೆಗೆ ಇನ್ನೊಂದು ಮನೆ ಸಿಗುವ ಮಾತೇ ಇಲ್ಲ. ಮನೆ ಹೋದರೆ ಮುದುಕಿಯ ಗಂಗೆ ಹೋದಂತೆಯೇ.

* * *

ವಸುಮತಿ ಮೊದಲು ಸರಳಿನ ಕೆಳಗೆ ನಿಂತರು. ನೋಡಿದರು.

ಬಾವುಟ ಕಟ್ಟಿರಲಿಲ್ಲ. ಸರಳಿಗೆ ಪೋಣಿಸಿಯೂ ಇರಲಿಲ್ಲ. ನಡುವಿಗೆ ಸರಿಯಾಗಿ ಮಡಿಸಿ ಸರಳಿನ ಮೇಲೆ ಇಳಿಬಿಟ್ಟಿದ್ದರು. ಎರಡೂ ಅಂಚು ಸಮ. ಒಂದು ಸುಕ್ಕೂ ಇಲ್ಲ.

ಘಾಟಿನ ಕಡೆಗೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರು. ಬರೀ ಕೆಂಪು. ಗಲ್ಲಿಯ ಒಳಗಡೆಯಿಂದ ನೋಡಿದರು. ಬರೀ ಹಸಿರು. ಕೆಂಪು ಘಾಟಿನ ಕಡೆಗೇ ಮುಖಮಾಡಿತ್ತು.

"ವಿಚಿತ್ರ," ಎಂದುಕೊಂಡರು.

ಸರಳಿನ ಎದುರಿಗೇ ಶಾಮನ ಟೈಲರ್ ಅಂಗಡಿ. ಗಲ್ಲಿಯ ಬಾವುಟಗಳನ್ನೆಲ್ಲ ಹೊಲಿಯುವವನು ಅವನೇ. ಯಾವ ಪಾರ್ಟಿ ಗೆದ್ದರೂ ಅವನಿಗೆ ಬೇಸರವಿಲ್ಲ. ಸೋತರೆ ಇನ್ನೂ ಸಂತೋಷ, ಹೊಸದು ಹೊಲಿಸುತ್ತಾರೆ.

"ನಾನಲ್ಲ ಡಾಕ್ಟರ್ ಸಾಹಿಬಾ!" ವಸುಮತಿ ಬಾಯಿ ತೆರೆಯುವ ಮೊದಲೇ ಅವನು ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ನೀನು ಅಂತ ಯಾರೆಂದರು? ತ್ರಿವರ್ಣಕ್ಕೆ ನೀನು ಹೇಗೆ ಹೊಲಿಗೆ ಹಾಕಿದ್ದೆ?"

"ಒಂದು ಬದಿಗೆ ನೇಫಾ ಬಿಟ್ಟಿದ್ದೆ. ಪೈಜಾಮಕ್ಕೆ ಲಾಡಿ ಪೋಣಿಸೋಕೆ ಬಿಡ್ತೀವಲ್ಲ, ಹಾಗೆ. ಸರಳನ್ನ ಅದರೊಳಗೆ ತೂರಿಸಿದರೆ ಆಯ್ತು."

"ಅಂದರೆ ಸರಳಿನ ತುದಿಯ ಕಡೆಗೆ ಕೋಲಿನಿಂದ ಸರಿಸಿದರೆ ಹೊರಗೆ ಬರುತ್ತೆ."

"ಬರುತ್ತೆ. ಆದರೆ ಬಿದ್ದುಹೋಗುತ್ತೆ. ಬೀಳದ ಹಾಗೆ ಕೋಲಿನಲ್ಲೇ ಹಿಡಿಯೋದು ನನ್ನ ಕೈಲಾಗಲ್ಲ."

"ಕೆಂಪು-ಹಸಿರಿನದೂ ನಿನ್ನ ಹೊಲಿಗೆಯೇ?"

"ನನ್ನದೇ. ಮೇ ತಿಂಗಳಲ್ಲಿ ಎಲ್ಲರೂ ಹಳೇದು ತಂದು ನನ್ನ ಮುಂದೆ ಸುರಿದರು. ಕೇಳಿದವರಿಗೆಲ್ಲ ಕೊಟ್ಟೆ. ನೆಲ ಒರೆಸೋಕೆ, ಗಾಡಿ ಒರೆಸೋಕೆ." ಶಾಮ ದನಿ ತಗ್ಗಿಸಿದ. "ಪಂಡಿತ್‌ಜಿ ಮನೆಯಿಂದಲೂ ಕೇಳಿದ್ದರು. ಗೋದಡಿ ಹೊಲಿಯೋಕೆ ಅಂತ."

ವಸುಮತಿಗೆ ಇದು ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ, ಕಳ್ಳ ಶಾಮನೇ ಆಗಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇನ್ನೊಂದು ಮಾತು," ಶಾಮ ತಲೆ ಕೆರೆದುಕೊಂಡ. "ಹೇಳಿದರೆ ನಗಬೇಡಿ. ಆ ಕೆಂಪು ಬಟ್ಟೆ ನಾನು ಮುಂಚೆಯೂ ನೋಡಿದೀನಿ. ಬೆಳಬೆಳಿಗ್ಗೆ ಹಾಲಿಗೆ ಹೋಗುವಾಗ. ನೀಲಿ ಬಾವುಟದ ಮೇಲೆ ಹೊದಿಸಿದ ಹಾಗೆ ಇರ್ತಿತ್ತು. ಚಹಾ ಕುಡಿದು ಬಂದು ನೋಡಿದರೆ ಇಲ್ಲ. ಕನಸು ಅಂದ್ಕೊಂಡಿದ್ದೆ."

"ತಾರಾಜಿ ಏಳುವುದು ಎಷ್ಟು ಹೊತ್ತಿಗೆ?"

"ಬಿಸಿಲು ಬಾಲ್ಕನಿಗೆ ಬಂದ ಮೇಲೆ. ಇವತ್ತು ಮಾತ್ರ ಕತ್ತಲಲ್ಲೇ ಎದ್ದು ಕುರ್ಚಿ ಹಾಕಿಸ್ತಾ ಇದ್ದರು."

ವಸುಮತಿ ಗಲ್ಲಿಯ ಗೋಡೆಯಲ್ಲಿದ್ದ ಪುಟ್ಟ ಹನುಮಾನ್ ಗುಡಿಯ ಬಳಿ ಹೋದರು. ಏನೋ ಕಂಡಿತು. ಮೂರ್ತಿಯ ಪಕ್ಕದ ಗೂಡಿನಲ್ಲಿ ಒಗೆದ ಬಿಳಿ ಪಂಚೆಯೊಂದರ ಗಂಟು. ಬಿಚ್ಚಿದರು. ಒಳಗೆ ತ್ರಿವರ್ಣ ಧ್ವಜ. ಸೀರೆ ಮಡಿಸುವಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದರು. ಒಂದು ಕಣ ಮಣ್ಣೂ ತಾಗಿರಲಿಲ್ಲ.

ಧ್ವಜಕ್ಕೆ ಅವಮಾನ ಮಾಡಲು ಬಂದವರು ಅದನ್ನು ದೇವರ ಪಕ್ಕ ಇಡುತ್ತಾರೆಯೇ?

* * *

ಆಚಾರ್ಯರ ಮನೆ ಅದೇ ಗಲ್ಲಿಯ ಒಳಭಾಗದಲ್ಲಿ. ಬಾಗಿಲಲ್ಲೇ ವೇದಾಬಾಯಿ ಕೂತಿದ್ದರು. ಬೆಳಗಿನ ಸ್ನಾನ, ಜಪ ಮುಗಿದಿತ್ತು.

"ಯಾರು, ವಸುಮತಿ ಏನು? ಹೆಜ್ಜಿ ಸಪ್ಪಳದ ಮ್ಯಾಲೆ ಗೊತ್ತಾತು. ಯಾಕವಾ, ಝೆಂಡಾ ಹಬ್ಬದ ದಿನಾ ಕರೀ ಸೀರಿ ಉಟಗೊಂಡು ಬಂದೀ?"

ವಸುಮತಿ ತಮ್ಮ ನೀಲಿ ಸೀರೆ ನೋಡಿಕೊಂಡರು. ಮುದುಕಿಯ ಎದುರು ಕುಕ್ಕರಗಾಲಲ್ಲಿ ಕೂತರು. ಬಿಸಿಲಿಗೆ ತಿರುಗಿದ ಆ ಕಣ್ಣುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಆಸ್ಪತ್ರೆಗೆ ಬನ್ನಿ ಅಂತ ಎಷ್ಟು ಸಲ ಕರೆದೆ ನಿಮ್ಮನ್ನ?"

"ನನಗೇನು ಧಾಡಿ? ಒಬ್ಬಾಕೀನs ಗಂಗಾಕ್ಕ ಹೋಗತೀನಿ, ಒಬ್ಬಾಕೀನs ಬರತೀನಿ."

ಒಳಗೆ ವಾಸುದೇವಾಚಾರ್ಯರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಸುದ್ದಿ ಘಾಟಿನವರೆಗೂ ಹೋಗಿತ್ತು. ಯಾತ್ರಿಕರನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ದರು.

"ಡಾಕ್ಟರ್ ಬಾಯಾರ, ಆ ಶಾಲು ಅವರು ಹೊಚ್ಚಿದ್ರು, ನಾ ಹೊಚ್ಚಿಕೊಂಡೆ. ನನಗ ಯಾವ ಪಾರ್ಟಿ? ಪಿಂಡಕ್ಕ ಪಾರ್ಟಿ ಇರತದೇನ್ರೀ?"

"ಇವತ್ತು ಎಷ್ಟು ಹೊತ್ತಿಗೆ ಘಾಟಿಗೆ ಹೋದಿರಿ?"

"ನಸುಕಿನ್ಯಾಗ. ಅವ್ವಗಿಂತಾ ಮೊದಲ. ಅಲ್ಲೇ ನೂರು ಮಂದಿ ನೋಡ್ಯಾರ." ಅವರು ಧ್ವನಿ ಇಳಿಸಿದರು. "ಮನಿ ಬಿಡಿಸಿದ್ರ ಅವ್ವನ ಗತಿ ಏನು? ಮೊದಲs ಮೇ ತಿಂಗಳದಾಗ ಒಂದ ಸಲ ಸ್ನಾನಾ ಮಾಡಿ ಬರೋವಾಗ ದಾರಿ ತಪ್ಪಿದಳು. ಮೂಲಿಮನಿ ಹತ್ರ ಹೊರಳೂದು ಬಿಟ್ಟು, ಸೀದಾ ಹರಿಶ್ಚಂದ್ರ ಘಾಟಿಗೆ ಹೋಗಿ, ಹೆಣದವರ ನಡುವ ಕೂತಿದ್ಲು. ಇನ್ನೊಮ್ಮೆ ಹಂಗಾತು ಅಂದ್ರ ಗಂಗಾಸ್ನಾನ ಬಂದ್, ಮನ್ಯಾಗs ಕೊಡದಾಗ ನೀರು ತರತೀನಿ ಅಂತ ಹೇಳೀನಿ. ಆವತ್ತು ಊಟ ಬಿಟ್ಟಳು."

"ಮೇ ತಿಂಗಳಲ್ಲಿ ಯಾವಾಗ?"

"ಇಲೆಕ್ಷನ್ ನಿಕಾಲ ಬಂದ ವಾರ."

ಆಚಾರ್ಯರ ಹೆಂಡತಿ ವನಮಾಲಾ ಕಾಫಿ ತಂದಳು. ಲೋಟ ಕೊಟ್ಟು ಕಂಬದ ಹಿಂದೆ ಸರಿದಳು. ವಸುಮತಿ ಅವಳ ಮುಖ ನೋಡಲಿಲ್ಲ. ಅವರ ಕಣ್ಣು ಮೇಲಿತ್ತು. ಜಂತೆಯಿಂದ ಇಳಿಬಿಟ್ಟ ಗಳದ ಮೇಲೆ ಅತ್ತೆಯ ಮಡಿ ಸೀರೆ ಒಣಗುತ್ತಿತ್ತು. ಎರಡೂ ಅಂಚು ಸಮ. ಒಂದು ಸುಕ್ಕೂ ಇಲ್ಲ. ಗೋಡೆಗೆ ಒಂದು ಉದ್ದನೆಯ ಬಿದಿರು ಕೋಲು ಒರಗಿತ್ತು.

ವಸುಮತಿ ಲೋಟ ಕೆಳಗಿಟ್ಟರು. ಉತ್ತರ ಸಿಕ್ಕಿತ್ತು, ಸಿಕ್ಕದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಆದರೆ ಹೇಳದೆ ಹೋದರೆ ಸಂಜೆಗೆ ಈ ಮನೆಯ ಪಾತ್ರೆಪಗಡ ಗಲ್ಲಿಗೆ ಬೀಳುತ್ತದೆ.

* * *

ವಸುಮತಿ ಹೇಳಿಕಳಿಸಿದ ಮೇಲೆ ತಾರಾದೇವಿ ಆಚಾರ್ಯರ ಮನೆಗೇ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ. ಆಚಾರ್ಯರು ಕಂಬಕ್ಕೆ ಒರಗಿ ನಿಂತರು. ವೇದಾಬಾಯಿ ಬಾಗಿಲಲ್ಲಿ ಜಪಮಣಿ ಹಿಡಿದು ಕೂತೇ ಇದ್ದರು.

"ತಾರಾಜಿ, ನಿಮ್ಮ ಧ್ವಜ ಸಿಕ್ಕಿತು. ತಗೊಳ್ಳಿ." ವಸುಮತಿ ಬಿಳಿ ಗಂಟನ್ನು ಕೊಟ್ಟರು. "ಹನುಮಾನ್ ಗುಡಿಯಲ್ಲಿ ಇತ್ತು. ಕಳ್ಳತನ ಅಂದರೆ ಇಷ್ಟೇ."

"ಯಾರು?"

"ಹೇಳ್ತೀನಿ. ಆ ಕೆಂಪು ಬಟ್ಟೆ ಇವತ್ತು ಮೊದಲ ಸಲ ಅಲ್ಲಿಗೆ ಬಂದದ್ದಲ್ಲ. ಮೇ ತಿಂಗಳಿಂದ ದಿನಾ ಬೆಳಿಗ್ಗೆ ನಿಮ್ಮ ನೀಲಿ ಬಾವುಟದ ಮೇಲೆ ಬರ್ತಿತ್ತು. ನೀವು ಏಳುವ ಮುಂಚೆ ಹೋಗ್ತಿತ್ತು. ಶಾಮ ನೋಡಿದಾನೆ. ನಿಮ್ಮ ಮಾನ ಕಳೆಯುವ ಉದ್ದೇಶ ಇದ್ದಿದ್ದರೆ ನಿಮ್ಮ ಕಣ್ಣಿಗೆ ಬೀಳಬೇಕಿತ್ತು. ಬೀಳದ ಹಾಗೇ ನೋಡಿಕೊಂಡಿದಾರೆ. ಹಾಗಾದರೆ ಅದು ಯಾರ ಕಣ್ಣಿಗೆ ಬೀಳಬೇಕಿತ್ತು?"

ವಸುಮತಿ ಬಾಗಿಲಾಚೆ ಘಾಟಿನ ಕಡೆ ಕೈ ತೋರಿಸಿದರು.

"ಕೆಂಪು ಬದಿ ಘಾಟಿಗೆ ಮುಖ ಮಾಡಿತ್ತು. ಅಂದರೆ ಬೆಳಿಗ್ಗೆ ಘಾಟಿನಿಂದ ವಾಪಸು ಬರುವವರಿಗಾಗಿ. ಅದೂ ನಿಮ್ಮ ಮೂಲೆಯಲ್ಲಿ ತಿರುಗಬೇಕಾದವರಿಗಾಗಿ. ಬಾವುಟ ಕಟ್ಟಿರಲಿಲ್ಲ. ನಿಚ್ಚಣಿಕೆ ಇಲ್ಲದೆ, ಕೆಳಗೆ ನಿಂತು, ಕೋಲಿನಿಂದ ಹರವಿದ್ದರು. ನಮ್ಮ ಕಡೆ ಮಡಿ ಬಟ್ಟೆ ಹಾಗೇ ಒಣಹಾಕ್ತಾರೆ. ಕೈ ಮುಟ್ಟೋ ಹಾಗಿಲ್ಲ. ಒದ್ದೆ ಸೀರೆಯನ್ನು ಕೋಲಿನ ತುದಿಯಲ್ಲೇ ಎತ್ತಿ, ಗಳಕ್ಕೆ ಹಾಕಿ, ಎರಡೂ ಅಂಚು ಸಮ ಮಾಡ್ತಾರೆ. ನನ್ನ ಅಜ್ಜಿ ಮಾಡ್ತಿದ್ದರು. ನನಗೆ ಬರಲ್ಲ. ಈ ಗಲ್ಲಿಯಲ್ಲಿ ಅದು ಬರುವುದು ಒಬ್ಬರಿಗೇ."

ಎಲ್ಲರ ಕಣ್ಣೂ ಗಳದ ಕಡೆ ಹೋಯಿತು. ಅಲ್ಲಿಂದ ಕೋಲಿನ ಕಡೆ. ಅಲ್ಲಿಂದ ವನಮಾಲಾಳ ಕಡೆ.

"ನಾನs," ಎಂದಳು ವನಮಾಲಾ. "ನಾನs ಮಾಡೀನಿ."

ಆಚಾರ್ಯರು ಬೆಚ್ಚಿಬಿದ್ದರು. "ನಿನಗೇನು ಹುಚ್ಚು ಹಿಡದದೇನು?"

"ಅತ್ಯಾಗ ಕಣ್ಣು ಕಾಣೂದಿಲ್ಲಾ ರೀ." ಅವಳಿಗೆ ಅಳು ಬಂತು. "ಮೂಲಿಮನಿ ಕೆಂಪು ನೋಡಿ ಹೊರಳತಿದ್ರು. ಅದು ನೀಲಿ ಆತು, ಅವರು ಹರಿಶ್ಚಂದ್ರ ಘಾಟಿಗೆ ಹೋದ್ರು. ನಿಮಗ ಹೇಳಿದ್ರ ಗಂಗಾಸ್ನಾನ ಬಿಡಸತಿದ್ರಿ. ಅದಕ್ಕs ಶಾಮನ ಹತ್ರ ಹಳೇ ಬಾವುಟಾ ಇಸಗೊಂಡೆ. ಅತ್ಯಾ ಹ್ವಾದ ಮ್ಯಾಲೆ ಹಾಕತಿದ್ದೆ, ಬಂದ ಮ್ಯಾಲೆ ತಗೀತಿದ್ದೆ."

"ಕಣ್ಣಿನ ಪೊರೆ ಬಲಿತು ಕಂದುಬಣ್ಣಕ್ಕೆ ತಿರುಗಿದರೆ ಹಾಗೇ," ವಸುಮತಿ ವನಮಾಲಾಳ ಮಾತನ್ನು ತಾರಾದೇವಿಗೆ ಹಿಂದಿಯಲ್ಲಿ ತಿಳಿಸಿ ಹೇಳಿದರು. "ನೀಲಿ ಕಪ್ಪಾಗಿ ಕಾಣುತ್ತೆ. ಕೆಂಪು ಕೊನೆಯವರೆಗೂ ಉಳಿಯುತ್ತೆ. ನನ್ನ ಈ ಸೀರೆ ಅವರಿಗೆ ಕರೀ ಸೀರೆ."

"ಅದು ಸರಿ, ನನ್ನ ತಿರಂಗಾ ಯಾಕೆ ತೆಗೀಬೇಕಿತ್ತು?" ತಾರಾದೇವಿ ಕೇಳಿದರು. "ದಿನದ ಹಾಗೆ ಅದರ ಮೇಲೇ ಹಾಕಿ ತೆಗೆದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ವನಮಾಲಾ ಕಣ್ಣೊರೆಸಿಕೊಂಡು ಹರಕು ಹಿಂದಿಯಲ್ಲಿ ಹೇಳಿದಳು. "ಪಾರ್ಟಿ ಬಾವುಟದ ಮೇಲೆ ಹಾಕಿದೆ ದೀದಿ. ದೇಶದ ಬಾವುಟದ ಮೇಲೆ ಬೇರೆ ಬಟ್ಟೆ ಹೇಗೆ ಹಾಕಲಿ? ತಪ್ಪಲ್ಲವಾ? ಅದಕ್ಕೆ ಇಳಿಸಿ ದೇವರ ಹತ್ರ ಇಟ್ಟೆ. ಅತ್ತೆ ಬಂದ ಮೇಲೆ ಮತ್ತೆ ಏರಿಸೋಣ ಅಂತ ಕೋಲು ಹಿಡಿದು ಹೋದರೆ ನೀವು ಕುರ್ಚಿ ಹಾಕಿಸ್ತಾ ನಿಂತಿದ್ದಿರಿ."

ತಾರಾದೇವಿ ಈಗ ಕುರ್ಚಿಯಲ್ಲಿ ಕೂತರು. ಕೈಯಲ್ಲಿದ್ದ ಗಂಟನ್ನು ನೋಡಿದರು. ಎಷ್ಟೋ ಬಾವುಟ ಹಾರಿಸಿದ್ದ ಹೆಂಗಸು. ಯಾವುದನ್ನೂ ಇಷ್ಟು ನಾಜೂಕಾಗಿ ಮಡಿಸಿ ಇಟ್ಟವರಲ್ಲ. ಅದು ಅವರಿಗೂ ಹೊಳೆದಿರಬೇಕು.

"ಮನೆ ಖಾಲಿ ಮಾಡೋದು ಬೇಡ," ಎಂದರು. "ಮಾತಾಜಿಗೆ ಕೆಂಪು ತಾನೇ ಬೇಕು? ಸೋತ ಪಾರ್ಟಿಯದು ನನ್ನ ಮನೆ ಮೇಲೆ ಆಗಲ್ಲ ಭಾಯಿ. ಮದುವೆಯಲ್ಲಿ ತಲೆ ಮೇಲೆ ಹೊದ್ದ ನನ್ನ ಚುನರಿ ಇದೆ, ಅಪ್ಪಟ ಕೆಂಪು. ಬಾಲ್ಕನಿಗೆ ಕಟ್ಟುತ್ತೇನೆ. ನೇತಾಜಿ ಕೇಳಿದರೆ ದೇವಿಯದು ಅಂತೀನಿ. ಸರಳಿನ ಮೇಲೆ ತಿರಂಗಾ ಇರಲಿ. ಸಂಜೆ ಇಳಿಸ್ತೀನಿ ಡಾಕ್ಟರ್ ಸಾಹಿಬಾ, ಹಾಗೆ ನೋಡಬೇಡಿ."

ಯಾರೋ ನಕ್ಕರು. ಆದರೆ ಬಾಗಿಲ ಕಡೆಯಿಂದ ಜಪಮಣಿಯ ಸದ್ದು ನಿಂತುಹೋಗಿತ್ತು.

"ಅಂದ್ರ ನಾ ಒಬ್ಬಾಕೀನs ಬರತಿರಲಿಲ್ಲಾ," ಎಂದರು ವೇದಾಬಾಯಿ.

ಆ ಮಾತು ಕೇಳಿ ವಸುಮತಿಗೆ ಸಂಕಟವಾಯಿತು. ಕಳ್ಳರನ್ನು ಹಿಡಿದ ಸಂತೋಷ ಅಲ್ಲಿಗೇ ಕರಗಿತು. ಹತ್ತಿರ ಹೋಗಿ, ಮಡಿ ನೆನಪಾಗಿ ಮುಟ್ಟದೆ, ಮುದುಕಿಯ ಎದುರು ಕೂತರು.

"ಮತ್ತೆ ಒಬ್ಬರೇ ಬರಬಹುದು. ಪೊರೆ ತೆಗೆದುಬಿಡ್ತೀನಿ. ನಾನೇ ಮಾಡ್ತೀನಿ ಆಪರೇಷನ್. ನೀಲಿ ನೀಲಿಯಾಗೇ ಕಾಣುತ್ತೆ."

"ಆಮ್ಯಾಲೆ ಎಷ್ಟು ದಿನಾ ನೀರಾಗ ಮುಳಗಬಾರದು?"

ವಸುಮತಿ ಇದ್ದದ್ದನ್ನೇ ಹೇಳಿದರು. "ಒಂದು ತಿಂಗಳು."

"ಹಂಗಾದ್ರ ಬ್ಯಾಡ. ನನಗ ಗೊತ್ತಿತ್ತು, ಅದಕ್ಕs ದವಾಖಾನಿಗೆ ಬಂದಿಲ್ಲಾ. ಕಣ್ಣು ಹೋದ್ರ ಹೋಗಲಿ. ವ್ರತಾ ಮುರಿಯೂದಿಲ್ಲಾ."

ವನಮಾಲಾ ಗಂಡನ ಕಡೆ ತಿರುಗಿದಳು.

"ಅಲ್ರೀ, ಕಾಶಿಗೆ ಬರಲಿಕ್ಕಾಗದ ಮುದುಕರ ಹೆಸರಿಲೆ ನೀವು ದರ್ಭಿ ಗೊಂಬಿ ಮಾಡಿ, ಮಕ್ಕಳ ಕೈಲೆ ಹಿಡಿಸಿ ಮುಳುಗಸತೀರಿ. ಅವರಿಗೆ ಸ್ನಾನದ ಫಲ ಬರತದ ಅಂತೀರಿ. ಅತ್ಯಾನ ಹೆಸರಿಲೆ ನಾ ಮುಳುಗಿದ್ರ?"

"ನೀ?" ಆಚಾರ್ಯರು ಹೆಂಡತಿಯನ್ನು ಹೊಸಬಳಂತೆ ನೋಡಿದರು. "ಇಷ್ಟು ವರ್ಷದಾಗ ಒಮ್ಮೆರೆ ಮುಳುಗೀಯೇನು? ಮೆಟ್ಟಲ ಮ್ಯಾಲೆ ಕೂತು ತಂಬಿಗಿಲೆ ಹಾಕೋಳಾಕಿ! ನೀರು ಕಂಡ್ರ ಕಾಲು ನಡಗತಾವ. ಅದರಾಗ ಶ್ರಾವಣದ ಗಂಗಾ, ತುಂಬಿ ನಿಂತದ."

"ಘಾಟಿನ ಸರಪಳಿ ಹಿಡಕೋತೀನಿ. ಮುಳುಗತೀನಿ."

ವೇದಾಬಾಯಿ ಮಗನ ದನಿಯ ಕಡೆ ಮುಖ ತಿರುಗಿಸಿದರು. "ಶಾಸ್ತ್ರ ಒಪ್ಪತದೇನೋ, ವಾಸುದೇವಾ?"

"ಒಪ್ಪತದ ಅವ್ವಾ. ಸೊಸಿ ಮುಳುಗಿದ್ರೂ ನಡೀತದ. ಆದ್ರ..." ಆಚಾರ್ಯರು ತಾಯಿಗೆ ಸುಳ್ಳು ಹೇಳುವವರಲ್ಲ. "ಫಲ ಪೂರಾ ಸಿಗೂದಿಲ್ಲಾ. ನಿನ್ನ ಪಾಲಿಗೆ ಬರೂದು ಎಂಟರಾಗ ಒಂದು ಪಾಲು ಅಷ್ಟs."

ಮುದುಕಿ ಯೋಚನೆ ಮಾಡಿದರು. ಎಲ್ಲರೂ ಕಾದರು. ಹಿಂದಿ ಬಿಟ್ಟು ಬೇರೆ ಭಾಷೆ ಬಾರದ ತಾರಾದೇವಿಯೂ ಕುರ್ಚಿಯ ತುದಿಗೆ ಸರಿದು ಕಾದರು. ವೇದಾಬಾಯಿ ಗಾಳಿಯಲ್ಲಿ ಕೈ ಚಾಚಿ ಸೊಸೆಯನ್ನು ಹುಡುಕಿದರು. ಮಡಿಯಲ್ಲಿದ್ದಾಗ ಯಾರನ್ನೂ ಮುಟ್ಟದ ಕೈ ಅದು. ವನಮಾಲಾ ಹಿಂದೆ ಸರಿದಳು. ಕೈ ಅವಳನ್ನು ಬಿಡಲಿಲ್ಲ, ಮಣಿಕಟ್ಟು ಹಿಡಿಯಿತು.

"ಹಂಗಾದ್ರ ದಿನಾ ಎಂಟು ಸಲ ಮುಳುಗು," ಎಂದರು. "ಮತ್ತ ನೋಡು, ತಲಿ ಪೂರಾ ಒಳಗ ಹೋಗಬೇಕು."